ಈರಕ್ಕನ ಕೈಗೆ ಕೊಟ್ಟ ಗಂಟು

ಶಿರಾ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕರಂಗಯ್ಯನ ಸೀಟಿ ಕೇಳದವರು ಆ ತಾಲ್ಲೂಕಿನಲ್ಲಿ ಕಡಿಮೆ. ಹನ್ನೊಂದು ವರ್ಷ ಕಂಡಕ್ಟರ್, ಆಮೇಲೆ ಇಪ್ಪತ್ತೆರಡು ವರ್ಷ ಕಂಟ್ರೋಲರ್. ಕಿಂಡಿಯ ಹಿಂದೆ ಕೂತು ಯಾವ ಬಸ್ಸು ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೊರಟಿತು ಎಂದು ಬರೆಯುವ ಕೆಲಸ. ಮಧುಗಿರಿ ಗಾಡಿ ಆರೂ ಹತ್ತಕ್ಕೆ ಎಂದರೆ ಆರೂ ಹತ್ತಕ್ಕೆ. ಬಸುರಿ ಹೆಂಗಸು ಚೀಲ ಹಿಡಿದು ಓಡಿ ಬರುತ್ತಿದ್ದರೂ ಸೀಟಿ ಊದಿ ಗಾಡಿ ಕಳಿಸಿಬಿಟ್ಟ ಮಹಾನುಭಾವ. ಒಬ್ಬರಿಗಾಗಿ ನಿಂತರೆ ಐವತ್ತು ಜನಕ್ಕೆ ತಡ ಎಂಬುದು ಅವನ ವಾದ. ನಿವೃತ್ತಿಯ ದಿನ ಜೊತೆಯವರು ಗೋಡೆ ಗಡಿಯಾರ ಕೊಟ್ಟರು. ಅದನ್ನು ಬೇಕೆಂದೇ ಎರಡು ನಿಮಿಷ ಮುಂದಿಟ್ಟುಕೊಂಡಿದ್ದಾನೆ.

ಇಂಥವನು ಪಾದಯಾತ್ರೆ ಕಟ್ಟಿದರೆ ಹೇಗಿರುತ್ತದೆ? ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ ಬೆಳಗಿನ ಐದಕ್ಕೆ ಶಿರಾ ಬಿಡಬೇಕು. ಮಧುಗಿರಿ, ಮಿಡಿಗೇಶಿ, ಪಾವಗಡ ದಾಟಿ ಐದನೆಯ ದಿನ, ಮಂಗಳವಾರ, ನಾಗಲಮಡಿಕೆ ಸುಬ್ರಹ್ಮಣ್ಯನ ಮುಂದೆ ನಿಲ್ಲಬೇಕು. ಹಿಂದೆ ಅಡಿಗೆ ಸಾಮಾನಿನ ಟೆಂಪೊ, ಮುಂದೆ ಬ್ಯಾನರು, ನಡುವೆ ಕೇಸರಿ ಟೀ ಶರ್ಟಿನ ಮೂವತ್ತು ನಲವತ್ತು ಜನ. ಉಪ್ಪಿಟ್ಟು ಏಳೂವರೆಗೆ, ಅದಕ್ಕೆ ಇಪ್ಪತ್ತು ನಿಮಿಷ. ಬೀಡಿ ಸೇದಲು ಹಿಂದುಳಿದವರಿಗೆ ಸೀಟಿ. ಹದಿನೆಂಟು ವರ್ಷ ಹೀಗೆ ನಡೆಸಿದ, ಒಂದು ವರ್ಷವೂ ಮಂಗಳವಾರ ತಪ್ಪಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ಉಂಟು. ನಡೆಯಲು ಆಗದವರು ತಮ್ಮ ಹರಕೆಯನ್ನು ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಗಂಟು ಕಟ್ಟಿ ನಡೆಯುವವರ ಕೈಗೆ ಕೊಡುತ್ತಾರೆ. ಒಳಗೆ ಹಿಡಿ ಅಕ್ಕಿ, ಉಪ್ಪು, ಮೆಣಸು. ಜೊತೆಗೆ ಬೆಳ್ಳಿ ತಗಡಿನ ಕಣ್ಣೋ ಕೈಯೋ, ಮೈಯಲ್ಲಿ ಯಾವುದು ನೋಯುತ್ತದೋ ಅದು. ಇದಕ್ಕೆ ಮೂರು ಕಟ್ಟುಪಾಡು. ಹೊತ್ತವನು ಒಳಗೇನಿದೆ ಎಂದು ಕೇಳಬಾರದು. ದಾರಿಯಲ್ಲಿ ಬಿಚ್ಚಬಾರದು. ಯಾರ ನೋವಿಗಾಗಿ ಕಟ್ಟಿದ್ದೋ ಅವರ ಕೈಯಲ್ಲೇ ಹೊರಿಸಬಾರದು. ಪ್ರತಿ ವರ್ಷ ಹೊರಡುವ ಮುನ್ನ ಸೀಟಿ ಊದಿ ಈ ಮೂರನ್ನೂ ಓದಿ ಹೇಳುತ್ತಿದ್ದವನು ಚಿಕ್ಕರಂಗಯ್ಯನೇ. ಊರಿನ ಗಂಟೆಲ್ಲ ಅವನ ಹೆಗಲ ಚೀಲದಲ್ಲಿ ಹೋಗುತ್ತಿತ್ತು. ಆ ಭಾರ ಅವನಿಗೆ ಭಾರ ಅನ್ನಿಸಿದ್ದೇ ಇಲ್ಲ.

ಈಗ ಈರಕ್ಕನ ವಿಷಯಕ್ಕೆ ಬರೋಣ, ಏಕೆಂದರೆ ಚಿಕ್ಕರಂಗಯ್ಯನ ನಿದ್ದೆಗೆಡಿಸಿದವಳು ಅವಳೇ. ಊರಾಚೆಯ ಗೊಲ್ಲರಹಟ್ಟಿಯವಳು, ಅರವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಅವಳೂ ಪ್ರತಿ ವರ್ಷ ನಾಗಲಮಡಿಕೆಗೆ ನಡೆಯುತ್ತಾಳೆ, ಒಬ್ಬಳೇ, ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು. ಮಗ ಕೊಡಿಸಿದ ಮೊಬೈಲು ಆಫ್ ಆಗಿ ಸೆರಗಿನ ಗಂಟಿನಲ್ಲಿರುತ್ತದೆ. ಯಾವ ದಾರಿ ಎಂದು ಕೇಳಿದರೆ ಕಾಲು ಹೋದ ದಾರಿ ಎನ್ನುತ್ತಾಳೆ. ಒಂದು ವರ್ಷ ಆರು ದಿನದಲ್ಲಿ ತಲುಪಿದಳು. ಇನ್ನೊಂದು ವರ್ಷ ಉತ್ತರಕ್ಕೆ ಹೋಗಬೇಕಾದವಳು ದಕ್ಷಿಣಕ್ಕೆ ತಿರುಗಿ ಕೊಳಾಲಕ್ಕೆ ಹೋದಳು, ಅಲ್ಲಿ ಯಾರದೋ ಮನೆಯ ಬಾಣಂತನ ಮುಗಿಸಿ, ಇಪ್ಪತ್ಮೂರು ದಿನಕ್ಕೆ ದೇವರ ಮುಂದೆ ನಿಂತಳು.

ಇದನ್ನು ಪಾದಯಾತ್ರೆ ಎನ್ನುತ್ತಾರೆಯೇ? ಚಿಕ್ಕರಂಗಯ್ಯನ ಪ್ರಕಾರ ಅಲೆದಾಟ ಎನ್ನುತ್ತಾರೆ. ಆದರೆ ಊರಿನವರ ಬುದ್ಧಿ ನೋಡಿ. ಹೋದ ವರ್ಷ ಅವನ ಗುಂಪಿನ ಮೂವರು ದಾರಿಯಲ್ಲಿ ಈರಕ್ಕನ ಜೊತೆ ಉಳಿದುಬಿಟ್ಟರು. ಹುಣಸೆ ಮರದ ಕೆಳಗೆ ಒಂದು ಬೆಳಗು ಪೂರ್ತಿ ಕೂತಿದ್ದು, ಗುರುತಿಲ್ಲದ ಮನೆಯಲ್ಲಿ ಅವರೆಕಾಳು ಸಾರಿಗೆ ಮುದ್ದೆ ಉಂಡಿದ್ದು, ಎಲ್ಲವನ್ನೂ ವರ್ಷವಿಡೀ ಕಥೆ ಮಾಡಿ ಹೇಳಿದರು. ಈ ಸಲ ಚಿಕ್ಕರಂಗಯ್ಯನ ಪಟ್ಟಿಗೆ ಬಂದದ್ದು ನಾಲ್ಕು ಹೆಸರು. ಸಂಕ್ರಾಂತಿಯ ಹೊತ್ತಿಗೆ ಆ ನಾಲ್ವರಿಗೂ ಏನೇನೋ ಕೆಲಸ ಬಂತು. ಟೆಂಪೊದವನಿಗೆ ಬೇಡ ಎಂದು ಹೇಳಿದ್ದಾಯಿತು. ಊರಿನ ಗಂಟುಗಳು ಒಂದೊಂದಾಗಿ ಹಟ್ಟಿಯ ಕಡೆ ನಡೆದವು. ಹೋಗುವವರು ಅವನ ಮನೆಯ ಮುಂದೆಯೇ ಹೋಗುತ್ತಿದ್ದರು, ಅದೇ ಹತ್ತಿರದ ದಾರಿ. ಅವನು ಜಗಲಿಯ ಮೇಲೆ ಪೇಪರು ಹಿಡಿದು ಕೂತು ಒಬ್ಬೊಬ್ಬರನ್ನೂ ನೋಡಿದ. ಹೊಟ್ಟೆಕಿಚ್ಚು ಅಂದರೆ ಏನು ಎಂದು ಆ ವಾರ ಅವನಿಗೆ ಸರಿಯಾಗಿ ಗೊತ್ತಾಯಿತು.

ಅವನ ಕಾಲಿನದೊಂದು ಗುಟ್ಟೂ ಇತ್ತು. ಹೋದ ವರ್ಷದ ನಡಿಗೆಯಲ್ಲಿ ಎಡಗಾಲಿನ ಕಿರುಬೆರಳ ಕೆಳಗೆ ಬೊಬ್ಬೆ ಎದ್ದು ಹುಣ್ಣಾಗಿತ್ತು. ಹುಣಸೆಬೀಜದಷ್ಟೇ ಇತ್ತು, ಆದರೆ ಸಕ್ಕರೆ ಕಾಯಿಲೆಯ ಮೈ, ವರ್ಷವಾದರೂ ಮಾಯಲಿಲ್ಲ. ಯಾತ್ರೆಯಿಂದ ಬಂದವನ ಪಾದವನ್ನು ಹೆಂಡತಿ ರಾಜಲಕ್ಷ್ಮಮ್ಮ ಹೊಸಿಲಲ್ಲಿ ಅರಿಸಿನದ ನೀರಿನಿಂದ ತೊಳೆಯುವುದು ವಾಡಿಕೆ. ಹೋದ ವರ್ಷ ಚಿಕ್ಕರಂಗಯ್ಯ ಬೇಡ ಎಂದ, ಬಸ್ ಸ್ಟ್ಯಾಂಡಿನ ನಲ್ಲಿಯಲ್ಲೇ ತೊಳೆದುಕೊಂಡೆ ಎಂದು ಸುಳ್ಳು ಹೇಳಿದ. ಅಂದಿನಿಂದ ಮನೆಯಲ್ಲೂ ಕಾಲುಚೀಲ. ಚಳಿ ಎನ್ನುತ್ತಿದ್ದ, ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದ. ಮುಂದೆ ನಡೆಸುವವನ ಕಾಲೇ ಕೆಟ್ಟಿದೆ ಎಂದು ಗೊತ್ತಾದರೆ ಹಿಂದೆ ಯಾರು ಬರುತ್ತಾರೆ? ಹೆಂಡತಿಗೂ ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲ ಎಂದೇ ನಂಬಿದ್ದ.

ಆ ಶುಕ್ರವಾರಕ್ಕೆ ಮೂರು ದಿನ ಮೊದಲು, ಮಂಗಳವಾರ ಬೆಳಿಗ್ಗೆ ರಾಜಲಕ್ಷ್ಮಮ್ಮ ಹೊರಗಿನಿಂದ ಬಂದಳು. ಬೆರಳಲ್ಲಿ ಅರಿಸಿನ ಇತ್ತು.

"ಎಲ್ಲಿಗ್ ಹೋಗಿದ್ದೆ?"

"ಹಟ್ಟಿಗೆ. ಈರಕ್ಕ ಇವತ್ತೇ ಹೊರಡ್ತಾಳಂತೆ. ನಮ್ಮನೇದೊಂದು ಗಂಟು ಕೊಟ್ಬಂದೆ."

ಚಿಕ್ಕರಂಗಯ್ಯನ ಕೈಯ ಪೇಪರು ಮಡಿಚಿಕೊಂಡಿತು. "ಮನೇಲಿ ನಾನಿಲ್ವಾ? ಹದಿನೆಂಟ್ ವರ್ಷ ಊರೋರ್ ಗಂಟೆಲ್ಲಾ ಹೊತ್ತೋನು ನಾನು."

"ಈ ಸಲ ಅವಳ ಕೈಗೇ ಕೊಡ್ಬೇಕಾಗಿತ್ತು ಕಣ್ರೀ."

"ಏನ್ ಹರಕೆ?"

"ಕೇಳ್ಬಾರ್ದು ಅಂತ ಸೀಟಿ ಊದಿ ಹೇಳ್ತಿದ್ದೋರು ನೀವೇ ಅಲ್ವಾ?" ಎಂದು ಅವಳು ಒಳಗೆ ಹೋದಳು. ಹಿತ್ತಿಲ ತಂತಿಯ ಮೇಲೆ ಅವನ ಹಸಿರಂಚಿನ ಹಳೆಯ ಪಂಚೆ ಒಣಗುತ್ತಿತ್ತು. ಅದರ ತುದಿಯಲ್ಲಿ ಒಂದು ಗೇಣು ಬಟ್ಟೆ ಹರಿದಿತ್ತು. ಗಂಟು ಕಟ್ಟಿದ್ದು ಯಾವುದರಲ್ಲಿ ಎಂದು ಅವನಿಗೆ ಹೊಳೆಯಿತು. ನನ್ನ ಪಂಚೆ ಹರಿದು ಅವಳ ಕೈಗೆ! ಆ ಸಂಕಟವನ್ನು ಹೇಳಿಕೊಳ್ಳಲು ಅವನಿಗೆ ಜನವೂ ಇರಲಿಲ್ಲ.

ಶುಕ್ರವಾರ ಐದಕ್ಕೆ ಅವನೂ ಒಬ್ಬನೇ ಹೊರಟ. ಬ್ಯಾನರಿಲ್ಲ, ಟೆಂಪೊ ಇಲ್ಲ. ಯಾವ ಪ್ಲಾನೂ ಇಲ್ಲ ಎಂದು ಹೆಂಡತಿಗೆ ಎರಡು ಸಲ ಹೇಳಿದ. ಅವಳು, "ಈ ವರ್ಷ ಬ್ಯಾಡ ಅಂದ್ರೆ ಕೇಳ್ತೀರಾ?" ಎಂದಳು. ಕೇಳಲಿಲ್ಲ. ಈರಕ್ಕ ನಡೆಯುವಂತೆ ನಾನು ನಡೆಯಲಾರೆನೇ ಎಂಬುದನ್ನು ಊರಿಗೆ ತೋರಿಸಬೇಕಿತ್ತು.

ಪ್ಲಾನಿಲ್ಲದೆ ನಡೆಯುವುದು ಪ್ಲಾನು ಹಾಕಿ ನಡೆಯುವುದಕ್ಕಿಂತ ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಮಧುಗಿರಿ ರಸ್ತೆಯಲ್ಲಿ ಏಳೂವರೆಗೆ ಸರಿಯಾಗಿ ಹೊಟ್ಟೆ ಹಸಿಯಿತು, ಉಪ್ಪಿಟ್ಟು ಇರಲಿಲ್ಲ. ಈರಕ್ಕನಂತೆ ಯಾವುದಾದರೂ ಮನೆಯ ಮುಂದೆ ನಿಲ್ಲೋಣ ಎಂದು ಒಂದು ತೋಟದ ಮನೆಯ ಮುಂದೆ ನಿಂತ. ಒಳಗಿನಿಂದ ಬಂದ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಡ್ಕೊಂಡ್ ಬಂದ್ರಾ? ಈರಕ್ಕನ ಕಡೆಯೋರಾ?"

"ಅಲ್ಲ," ಎಂದ ಚಿಕ್ಕರಂಗಯ್ಯ. ಒಂದು ಚೊಂಬು ನೀರು ಸಿಕ್ಕಿತು.

ಮುಂದಿನ ಹಳ್ಳಿಯಲ್ಲೂ ಅದೇ ಪ್ರಶ್ನೆ. ಕಾಲು ನೋಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಹೌದು ಎಂದುಬಿಟ್ಟ. ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು, ಬಿಸಿ ರೊಟ್ಟಿ ಕೊಟ್ಟರು, ಈರಕ್ಕ ಚೆನ್ನಾಗವ್ಳಾ ಎಂದು ಕೇಳಿದರು. ಆ ರೊಟ್ಟಿ ಅವನಿಗೆ ರುಚಿಸಲಿಲ್ಲ, ಆದರೂ ಮೂರು ತಿಂದ. ಮಾರನೆಯ ದಿನ ಮಧುಗಿರಿ ಬೆಟ್ಟದ ಬುಡ ಸೇರುವಷ್ಟರಲ್ಲಿ ನಾಲ್ಕು ಸಲ ಈರಕ್ಕನ ಕಡೆಯವನಾಗಿದ್ದ. ಮೂವತ್ಮೂರು ವರ್ಷ ಇದೇ ಜನವನ್ನು ಬಸ್ಸಿಗೆ ಹತ್ತಿಸಿ ಇಳಿಸಿದವನು ನಾನು, ಒಬ್ಬರಾದರೂ ನನ್ನ ಮುಖ ಗುರುತು ಹಿಡಿಯಬಾರದೇ ಎಂದು ಕುದಿದ. ಒಬ್ಬ ಮುದುಕ ಮಾತ್ರ ಹಿಡಿದ. "ನೀವು ಸಿರಾ ಕಂಟ್ರೋಲರ್ ಅಲ್ವಾ? ನಮ್ ಅಕ್ಕನ ತಿಥಿ ದಿನ ಬಸ್ ನಿಲ್ಸಿ ಅಂತ ಕೈ ಮುಗ್ದೆ, ಸೀಟಿ ಊದ್ಬುಟ್ರಿ," ಎಂದು ನಕ್ಕ. ಚಿಕ್ಕರಂಗಯ್ಯ ಅಲ್ಲಿ ನೀರೂ ಕೇಳದೆ ಎದ್ದ.

ಭಾನುವಾರ ಮಧ್ಯಾಹ್ನ ಮಿಡಿಗೇಶಿಯ ಹತ್ತಿರ ಓಬಳಯ್ಯ ಎಂಬ ರೈತನ ಹೊಲಕ್ಕೆ ಬಂದ. ಹೊಂಗೆ ಮರದ ಕೊಂಬೆಗೆ ಒಂದು ಕಂಬಳಿ ಗಂಟು ನೇತುಹಾಕಿತ್ತು. ಆಚೆ ಕುರಿ ದೊಡ್ಡಿಯೊಳಗಿಂದ ಹೆಂಗಸಿನ ದನಿ ಕೇಳಿತು, ಕುರಿಗೆ ಏನೋ ಸಮಾಧಾನ ಹೇಳುತ್ತಿತ್ತು.

"ಈರಕ್ಕ," ಎಂದ ಓಬಳಯ್ಯ. "ನಿನ್ನೆ ಇಲ್ಲಿಂದ ಹೊರಟೋಳು, ನಮ್ ಕುರಿಗೆ ಮರಿ ಅಡ್ಡ ಬಂದೈತೆ ಅಂತ ನಿಂತವ್ಳೆ. ಕೂತ್ಕಳಿ ಸ್ವಾಮಿ, ಬಿಸ್ನೀರ್ ತತ್ತೀನಿ."

"ನಿಮ್ಗೆ ನೆಂಟ್ರೇನು ಅವ್ಳು?"

"ನೆಂಟ್ರಿಗಿಂತ ಹೆಚ್ಚು. ಮೂವತ್ ವರ್ಷ ಅವ್ರ ಮಂದೆ ಇದೇ ದಾರೀಲಿ ಹೋಗದು, ಬರದು. ಗಂಡ ಹೆಂಡ್ತಿ ಇಬ್ರೂ ಕುರಿ ಹೊಡ್ಕೊಂಡು ಬಂದು ನಮ್ ಹೊಲ್ದಾಗೆ ಹದಿನೈದಿನ ಮಂದೆ ನಿಲ್ಸೋರು. ಆ ಗೊಬ್ರದಾಗೇ ನಾವ್ ಉಂಡಿರೋದು. ನಾಗಲಮಡಿಕೆ ಗಂಟ ಒಂದೊಂದ್ ಊರಾಗೂ ಆಯಮ್ಮನ ಮಂದೆ ನಿಂತಿರೋ ಹೊಲ ಐತೆ." ಓಬಳಯ್ಯ ಒಲೆಯ ಕಡೆ ಹೋದ.

ಹಾಗಾದರೆ ಕಾಲು ಹೋದ ದಾರಿ ಎಂಬುದು ಬರೀ ಮಾತು. ಅದು ಕುರಿಯ ದಾರಿ, ಮೂವತ್ತು ವರ್ಷ ಸವೆಸಿದ ದಾರಿ. ಚಿಕ್ಕರಂಗಯ್ಯನಿಗೆ ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಇನ್ನೂ ಉರಿಯಿತು. ಮರದ ಹತ್ತಿರ ಹೋದ. ಕಂಬಳಿಯ ಸಂದಿನಲ್ಲಿ ಊರಿನ ಗಂಟುಗಳೆಲ್ಲ ಇದ್ದವು. ನಡುವೆ ಒಂದಕ್ಕೆ ಹಸಿರು ಅಂಚು. ಸುತ್ತ ನೋಡಿದ. ಅರವತ್ತೆರಡು ವರ್ಷದ ಮನುಷ್ಯ, ಯಾರದೂ ಒಂದು ಕಡ್ಡಿ ಮುಟ್ಟದವನು, ಆ ಗಂಟನ್ನು ಎಳೆದು ಜೇಬಿಗೆ ಹಾಕಿಕೊಂಡ. ನಮ್ಮ ಮನೆಯದು, ನನ್ನ ಪಂಚೆ, ಕದ್ದದ್ದು ಹೇಗಾಗುತ್ತದೆ ಎಂದುಕೊಂಡು, ಓಬಳಯ್ಯ ಬರುವಷ್ಟರಲ್ಲಿ ರಸ್ತೆ ಸೇರಿದ.

ಎರಡು ದಿನ ಗೆದ್ದವನ ಹಾಗೆ ನಡೆದ. ಪಾವಗಡದಲ್ಲಿ ಯಾರೋ ಹೇಳಿದರು: ಈರಕ್ಕ ಪ್ರತಿ ವರ್ಷ ಸುತ್ತು ಹಾಕಿ ರಾಯಚರ್ಲು ಎಂಬ ಹಳ್ಳಿಯ ಮೇಲೆ ಹೋಗುತ್ತಾಳೆ, ಅಲ್ಲಿ ಜನ ಕಾಯುತ್ತಿರುತ್ತಾರೆ. ನೆಟ್ಟಗೆ ನಾಗಲಮಡಿಕೆಗೆ ಹೋಗಿದ್ದರೆ ಹತ್ತೊಂಬತ್ತನೆಯ ಮಂಗಳವಾರವೂ ತಪ್ಪುತ್ತಿರಲಿಲ್ಲ. ಆದರೆ ಅವಳಿಗಿಂತ ಮೊದಲು ರಾಯಚರ್ಲಿಗೆ ಹೋಗಿ ನಿಲ್ಲುವ ಆಸೆ ದೊಡ್ಡದಾಯಿತು. ಕುಂಟುತ್ತ ಸೋಲಾರ್ ಪಾರ್ಕಿನ ರಸ್ತೆ ಹಿಡಿದ. ಎರಡೂ ಕಡೆ ಕಣ್ಣಿಗೆ ಕಾಣುವಷ್ಟು ದೂರ ಬರೀ ಗಾಜಿನ ಹಲಗೆಗಳು, ನೆರಳಿಗೆ ಒಂದು ಮರವಿಲ್ಲ.

ರಾಯಚರ್ಲಿನಲ್ಲಿ ಟೀ ಅಂಗಡಿಯ ಬೈಲಪ್ಪ ಅವನ ಹೆಗಲ ಚೀಲ ನೋಡಿದವನೇ ಕೇಳಿದ, "ಈರಕ್ಕ ರಾಲೇದಾ, ಬರ್ಲಿಲ್ವಾ ಸ್ವಾಮಿ? ಎಲ್ಲಿಗಂಟ ಬಂದವ್ಳೆ?"

ಚಿಕ್ಕರಂಗಯ್ಯ ಅಂಗಡಿಗೆ ಬೆನ್ನು ಹಾಕಿದ. ಟೀ ಕುಡಿಯದೆ ಊರಾಚೆ ಹೋಗಿ ಸೋಲಾರ್ ಬೇಲಿಯ ಪಕ್ಕ, ಹಲಗೆಯ ನೆರಳು ಬಿದ್ದ ಕಡೆ ಕೂತ. ಈ ಹೆಂಗಸಿಗೆ ನನ್ನ ಹೆಂಡತಿ ಏನು ಕೊಟ್ಟಿದ್ದಾಳೆ ಎಂದು ಈಗಲೇ ತಿಳಿಯಬೇಕು ಅನ್ನಿಸಿತು. ಗಂಟು ಬಿಚ್ಚಿದ.

ಅಕ್ಕಿ, ಉಪ್ಪು, ಮೆಣಸು. ನಡುವೆ ಬೆಳ್ಳಿ ತಗಡಿನ ಒಂದು ಪಾದ.

ಪಾದ! ಅವನಿಗೆ ಮೊದಲು ಬಂದದ್ದು ಒಂದೇ ಯೋಚನೆ. ಈರಕ್ಕನ ಕಾಲು ಗಟ್ಟಿಯಾಗಿರಲಿ, ಅವಳು ನೂರು ವರ್ಷ ನಡೆಯಲಿ ಎಂದು ನನ್ನ ಹೆಂಡತಿ ಬೆಳ್ಳಿ ಮಾಡಿಸಿ ಕೊಟ್ಟಿದ್ದಾಳೆ. ಮೈಯೆಲ್ಲ ಬೆಂಕಿಯಾಯಿತು. ಬೇಲಿಯಾಚೆ ಎಸೆಯಲು ಕೈ ಎತ್ತಿದ. ಆಗ ತಗಡು ಮಗುಚಿತು. ಅದು ಎಡಗಾಲು. ಅಂಗಾಲಿನಲ್ಲಿ, ಕಿರುಬೆರಳಿನ ಕೆಳಗೆ, ಕುಂಕುಮದ ಒಂದು ಚುಕ್ಕೆ ಇಟ್ಟಿತ್ತು.

ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕಾಲುಚೀಲ ತೆಗೆದು ತನ್ನ ಅಂಗಾಲು ತಿರುಗಿಸಿದ. ಚುಕ್ಕೆ ಸರಿಯಾದ ಜಾಗದಲ್ಲೇ ಇತ್ತು. ಕಾಲುಚೀಲದ ಮೇಲೆ ಕೀವಿನ ಕಲೆ. ಒಂದು ವರ್ಷ ದಿನಾ ಈ ಕಾಲುಚೀಲ ಒಗೆದವಳು ಯಾರು? ಅವನು ಹೇಳದಿದ್ದರೇನು, ಬಟ್ಟೆ ಹೇಳಿತ್ತು. ಅವನು ಮುಚ್ಚಿಟ್ಟದ್ದನ್ನು ಅವಳೂ ಮುಚ್ಚಿಟ್ಟಿದ್ದಳು. ಅವನ ನೋವಿನ ಗಂಟನ್ನು ಅವನ ಕೈಗೆ ಕೊಡುವಂತಿರಲಿಲ್ಲ, ಅದಕ್ಕೇ ಹಟ್ಟಿಗೆ ಹೋಗಿದ್ದಳು. ಮೂರು ಕಟ್ಟುಪಾಡನ್ನು ಓದಿ ಹೇಳುತ್ತಿದ್ದವನೇ ಮೂರನ್ನೂ ಮುರಿದು ಕೂತಿದ್ದ. ಕೇಳಿದ್ದ, ಹೊತ್ತಿದ್ದ, ಬಿಚ್ಚಿದ್ದ.

ಈಗ ಆ ಗಂಟನ್ನು ಅವನು ಮುಂದಕ್ಕೆ ಒಯ್ಯುವಂತಿಲ್ಲ. ಎಸೆಯುವಂತೆಯೂ ಇಲ್ಲ. ಕೊಡಬೇಕಾದ ಕೈ ಒಂದೇ, ಆ ಕೈ ಎಷ್ಟೊತ್ತಿಗೆ ಬರುತ್ತದೆ ಎಂದು ಯಾವ ಕಿಂಡಿಯಲ್ಲೂ ಬರೆದಿರಲಿಲ್ಲ. ಬೈಲಪ್ಪನ ಅಂಗಡಿಯ ಬೆಂಚಿಗೆ ಹಿಂತಿರುಗಿದ.

"ಈರಕ್ಕ ಯಾವಾಗ್ ಬರ್ಬೋದು?"

"ಬತ್ತಾಳೆ ಬುಡಿ," ಎಂದ ಬೈಲಪ್ಪ.

ಮಂಗಳವಾರ ಹೋಯಿತು. ಬುಧವಾರ ಹೋಯಿತು. ಕಂಟ್ರೋಲರ್ ಚಿಕ್ಕರಂಗಯ್ಯ ಬೆಂಚಿನ ಮೇಲೆ ಕೂತು ಕಾದ. ಪಾವಗಡದ ಬಸ್ಸು ಹನ್ನೆರಡು ನಿಮಿಷ ತಡವಾಗಿ ಬಂದದ್ದನ್ನು ಕಂಡು ಬಯ್ಯಬೇಕೆಂದೂ ಅನ್ನಿಸಲಿಲ್ಲ. ಊರಿನವರು ಒಬ್ಬೊಬ್ಬರೇ ಬಂದು ಈರಕ್ಕ ಬಂದ್ಲಾ ಎಂದು ಬೈಲಪ್ಪನನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಸುಳ್ಳೇಕೆ, ಆಗಲೂ ಅವನಿಗೆ ಹೊಟ್ಟೆ ಉರಿಯುತ್ತಲೇ ಇತ್ತು.

ಗುರುವಾರ ಹತ್ತರ ಹೊತ್ತಿಗೆ ಈರಕ್ಕ ಸೋಲಾರ್ ರಸ್ತೆಯಲ್ಲಿ ನಿಧಾನವಾಗಿ ಬಂದಳು. ಅವನನ್ನು ಕಂಡು ಆಶ್ಚರ್ಯಪಡಲಿಲ್ಲ. ಕಂಬಳಿ ಇಳಿಸಿ ಪಕ್ಕದಲ್ಲಿ ಕೂತಳು.

"ಮರಿ ಬದುಕ್ತಾ?" ಎಂದು ಚಿಕ್ಕರಂಗಯ್ಯ ಕೇಳಿದ. ಬೇರೆ ಮಾತು ಸಿಗಲಿಲ್ಲ.

"ಬದುಕ್ತು. ಕುರೀನೂ ಎದ್ದು ಮೇವು ತಿಂತು. ಬಿಸ್ನೀರ್ ತರೋಗಂಟ ನಿಲ್ದೆ ಒಬ್ರು ಓದ್ರು ಅಂತ ಓಬಳಯ್ಯ ಅಂದ, ಗಂಟು ತಕೊಂಡೋದೋರು ನೀವೇ ಅಂತ ಗೊತ್ತಾಯ್ತು. ಓಗ್ಲಿ ಬುಡು ಅಂದೆ."

"ಬಿಚ್ಬಿಟ್ಟಿದೀನಿ ಈರಕ್ಕ." ಗಂಟನ್ನು ಅವಳ ಮಡಿಲಿಗಿಟ್ಟ. "ನನ್ ಕಾಲಿಂದೇ ಅದು. ನಾನೇ ಹೊತ್ತೆ. ಹರಕೆ ಕೆಟ್ಟೋಯ್ತಾ?"

"ನಂಗೇನ್ ಗೊತ್ತಪ್ಪ. ಕಟ್ಟಿದ್ ರಾಜಮ್ಮನ್ನ ಕೇಳಿ. ಎಲ್ಲಿ, ಕಾಲ್ ತೋರ್ಸಿ."

ಅವನು ಹಿಂಜರಿದ. ಅವಳು ಕಾಯಲಿಲ್ಲ. ಕುರಿಯ ಗೊರಸು ಎತ್ತುವಂತೆ ಅವನ ಹಿಮ್ಮಡಿ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿ, ಸುತ್ತಲಿನ ಚರ್ಮ ಒತ್ತಿ ನೋಡಿದಳು. "ನಮ್ ಕುರೀಗ್ ಇಂಗಾಗಿದ್ರೆ ಇಷ್ಟೊತ್ಗೆ ಹೆಗಲ್ ಮೇಲ್ ಹೊತ್ಕೊಂಡು ಡಾಕ್ಟ್ರು ತಾವ ಓಡ್ತಿದ್ದೆ. ನೀವು ಬಸ್ ಹತ್ತಿ ಮನೀಗ್ ಓಗಿ. ದೇವ್ರು ಇಲ್ಲೇ ಇರ್ತಾನೆ, ಎಲ್ಗೂ ಓಗಾಕಿಲ್ಲ."

"ನಿನ್ ಕಂಡ್ರೆ ನಂಗೆ ಹೊಟ್ಟೆ ಉರೀತದೆ ಈರಕ್ಕ," ಎಂದ ಚಿಕ್ಕರಂಗಯ್ಯ. ಹೇಳಬೇಕೆಂದಿರಲಿಲ್ಲ, ಬಂದುಬಿಟ್ಟಿತು. "ಎಲ್ಲಿ ಹೋದ್ರೂ ನಿನ್ನೇ ಕೇಳ್ತಾರೆ."

ಈರಕ್ಕ ಅಕ್ಕಿ, ಉಪ್ಪು, ಮೆಣಸನ್ನು ಹಸಿರಂಚಿನ ಬಟ್ಟೆಯಲ್ಲಿ ಒಟ್ಟುಮಾಡುತ್ತಿದ್ದಳು. ಬೆಳ್ಳಿ ಪಾದವನ್ನು ಅಂಗೈಯಲ್ಲಿಟ್ಟು ನೋಡಿದಳು, ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ನಂಗೂ ಈಗ ಉರೀತಾ ಐತೆ ಕಣಪ್ಪ," ಎಂದಳು. "ಇಷ್ಟ್ ವರ್ಷ್ದಿಂದ ಕಂಡೋರ್ ಗಂಟೆಲ್ಲಾ ಹೊತ್ತಿವ್ನಿ. ಹಿಮ್ಮಡಿ ಒಡ್ದು ರಕ್ತ ಬಂದದ್ದೂ ಉಂಟು. ನನ್ ಕಾಲ್ಗೆ ಅಂತ ಯಾರೂ ಒಂದ್ ಗಂಟು ಕಟ್ಲಿಲ್ಲ ನೋಡಿ."

ಅದನ್ನು ದೂರು ಹೇಳುವ ಹಾಗೆ ಹೇಳಲಿಲ್ಲ. ಗಂಟು ಬಿಗಿದು ಕಂಬಳಿಗೆ ಸೇರಿಸಿ, ಬೈಲಪ್ಪನ ಟೀ ಕುಡಿದು, ಕಾಯುತ್ತಿದ್ದ ಹೆಂಗಸರ ಜೊತೆ ಊರೊಳಗೆ ಹೋದಳು. ಚಿಕ್ಕರಂಗಯ್ಯ ಅವಳ ಹಿಮ್ಮಡಿಗಳನ್ನು ನೋಡುತ್ತ ಕೂತಿದ್ದ. ಪಾವಗಡದ ಬಸ್ಸು ಅಂದೂ ತಡವಾಗಿ ಬಂತು. ಹತ್ತಿದ.

ಶಿರಾದಲ್ಲಿ ಇಳಿದಾಗ ಸಂಜೆಯಾಗಿತ್ತು. ರಾಜಲಕ್ಷ್ಮಮ್ಮ ಬಾಗಿಲಿಗೆ ಬಂದಳು, ಕೈಯಲ್ಲಿ ಚೊಂಬಿರಲಿಲ್ಲ. ಹೋದ ವರ್ಷ ಬೇಡ ಎಂದಿದ್ದನಲ್ಲ, ಈ ಸಲ ತರಲೋ ಬೇಡವೋ ಎಂದು ನಿಂತಿದ್ದಳು. ಚಿಕ್ಕರಂಗಯ್ಯ ಹೊಸಿಲ ಮೇಲೆ ಕೂತು, ಎಡಗಾಲಿನ ಕಾಲುಚೀಲವನ್ನು ತಾನೇ ತೆಗೆದ.

"ನೀರು ತಗೊಂಬಾ," ಎಂದ.

ಅವಳು ತಂದಳು. ಹುಣ್ಣಿಗೆ ತಾಗದಂತೆ ಸುತ್ತ ನೀರು ಬಿಟ್ಟು ತೊಳೆದಳು. ಅವನೇ ಎಲ್ಲ ಹೇಳಿದ, ಕದ್ದದ್ದು, ಬಿಚ್ಚಿದ್ದು, ಕಾದದ್ದು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಎಂದ. ಎಷ್ಟೊತ್ತಿಗೆ ಎಂದು ಹೇಳಲಿಲ್ಲ.

"ಆಮೇಲೆ ಆ ಬೆಳ್ಳಿ ಪಾದ ಮಾಡಿದ ಅಕ್ಕಸಾಲಿ ಹತ್ರ ಹೋಗಿ ಒಂದ್ ಜೊತೆ ಪಾದ ಮಾಡಿಸ್ಬೇಕು. ಎರಡೂ ಕಾಲು. ಹಿಮ್ಮಡೀಲಿ ಚುಕ್ಕೆ ಇಡು."

"ಯಾರಿಗ್ರೀ?"

"ಈರಕ್ಕಂಗೆ," ಎಂದ ಚಿಕ್ಕರಂಗಯ್ಯ. ವಾರದಿಂದ ಮುಖದಲ್ಲಿ ಇಲ್ಲದ ಗೆಲುವಿನಲ್ಲಿ ಸೇರಿಸಿದ, "ಆ ಗಂಟು ಅವಳ್ ಕೈಗೆ ಕೊಡಂಗಿಲ್ಲ. ಕಾಲು ವಾಸಿಯಾದ್ಮೇಲೆ ನಾನೇ ಹೊರ್ಬೇಕು."